ಅರ್ಧ ಸಿನಿಮಾದ ಅಭಿಮಾನಿಗಳು

'ನಿಮಗೆ ಇಷ್ಟವಾದ ಹಳೇ ಸಿನಿಮಾ ಯಾವುದು?' ಅಂತ ಕೇಳಿದರೆ ನಮ್ಮ ಬೆಳಗಾವಿಯಲ್ಲಿ ಎಲ್ಲರ ಹತ್ತಿರವೂ ಎರಡು ಉತ್ತರ ಇರುತ್ತವೆ. ಒಂದು ನಾಲ್ಕು ಮಂದಿಯ ಮುಂದೆ ಹೇಳುವುದು. ಇನ್ನೊಂದು ಮನೆಯಲ್ಲಿ ಯಾರೂ ಇಲ್ಲದಾಗ ಬಾಗಿಲು ಹಾಕಿಕೊಂಡು ನೋಡುವುದು.

ನಮ್ಮ ಸೋದರಮಾವನನ್ನೇ ನೋಡಿ. ರಿಟೈರಾದ ಮಾಸ್ತರರು. ಯಾರಾದರೂ ಕೇಳಿದರೆ ಸಾಕು, ಗಂಟಲು ಸರಿಮಾಡಿಕೊಂಡು 'ಪಿಂಜರಾ' ಅನ್ನುತ್ತಾರೆ. ವಿ. ಶಾಂತಾರಾಮರ 1972ರ ಮರಾಠಿ ಚಿತ್ರ. ನೀತಿವಂತ ಮಾಸ್ತರನೊಬ್ಬ ತಮಾಷಾ ಅನ್ನುವ ಮರಾಠಿ ಜಾನಪದ ಆಟದಲ್ಲಿ ಕುಣಿಯುವವಳ ಬೆನ್ನು ಹತ್ತಿ ಕೆಡುವ ಕಥೆ. ಶ್ರೀರಾಮ ಲಾಗೂ ಹೇಗೆ ನಿಂತರು, ಹೇಗೆ ಸೋತರು ಅಂತ ಮಾವ ಗಂಭೀರವಾಗಿ ವಿವರಿಸುತ್ತಾರೆ. ಆದರೆ ಅವರ ಬಾಯಲ್ಲಿ ಉದ್ದಕ್ಕೂ ಡೈಲಾಗ್ ಸಮೇತ ಬರುವುದು ಮರಾಠಿಯ ಹಾಸ್ಯನಟ ದಾದಾ ಕೋಂಡ್ಕೆ. 'ಪಾಂಡು ಹವಾಲ್ದಾರ್' ಅಂತ ಹೆಸರೆತ್ತಿದರೆ ಮಾಸ್ತರಿಕೆ ಎಲ್ಲ ಜಾರಿ ಬೀಳುತ್ತದೆ. ಚಡ್ಡಿಯ ಲಾಡಿ ಇಳಿಬಿಟ್ಟುಕೊಂಡು ಓಡಾಡುವ ದಾದಾನ ನಡಿಗೆ ಕೂಡ ಮಾಡಿ ತೋರಿಸುತ್ತಾರೆ. ಎರಡರ್ಥದ ಮಾತು ಇನ್ನೇನು ಬಂತು ಅನ್ನುವಷ್ಟರಲ್ಲಿ ಅಡಿಗೆಮನೆಯಿಂದ ಅತ್ತಿ ಕೂಗುತ್ತಾಳೆ. 'ರೀ, ಹುಡುಗೂರು ಕುಂತಾವ, ಖಬರ ಐತಿಲ್ಲೊ?' ಮಾವ ಮತ್ತೆ ಶ್ರೀರಾಮ ಲಾಗೂಗೆ ವಾಪಸ್.

ನಾನೇನು ಕಮ್ಮಿ ಇಲ್ಲ. ನನ್ನ ಸಭ್ಯ ಉತ್ತರ 'ಘಟಶ್ರಾದ್ಧ'. ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ, 1977ರದು, ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಪಡೆದದ್ದು. ಇದನ್ನು ಹೇಳಿದರೆ ಎದುರಿದ್ದವರು ತಲೆದೂಗುತ್ತಾರೆ, ಮುಂದೆ ಏನೂ ಕೇಳುವುದಿಲ್ಲ. ಅದೇ ಅದರ ಅನುಕೂಲ. ನಿಜವಾಗಿ ನಾನು ಅದನ್ನು ಮೊದಲು ನೋಡಿದ್ದು ದೂರದರ್ಶನದಲ್ಲಿ. ಆಗ ಭಾನುವಾರ ಮಧ್ಯಾಹ್ನ ಪ್ರಶಸ್ತಿ ಬಂದ ಪ್ರಾದೇಶಿಕ ಸಿನಿಮಾ ಹಾಕುತ್ತಿದ್ದರು, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿತ್ತು. ಊಟ ಭಾರವಾಗಿ ದೊಡ್ಡವರೆಲ್ಲ ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ಯಮುನಕ್ಕನ ಹಿಂದೆ ಪುಟ್ಟ ನಾಣಿ ಸುತ್ತುತ್ತಿದ್ದ. ಏನೋ ಕೆಟ್ಟದ್ದು ಆಗಲಿದೆ ಅಂತ ನನಗೂ ತಿಳಿಯುತ್ತಿತ್ತು, ಏನು ಅಂತ ಮಾತ್ರ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಬಂದಾಗ ವಾರ್ತೆ ನಡೆದಿತ್ತು. ಕೊನೆ ನೋಡಿದ್ದು ದೊಡ್ಡವನಾದ ಮೇಲೆ. ಅದು ದೊಡ್ಡ ಸಿನಿಮಾ, ಅನುಮಾನವೇ ಇಲ್ಲ. ಆದರೂ ನನ್ನದು ಅಂತ ಅನಿಸುವುದು ಕರೆಂಟ್ ಹೋಗುವವರೆಗಿನ ಭಾಗವೇ.

ಯೋಚಿಸಿದರೆ ನಾವು ಪ್ರೀತಿಸುವುದು ಸಿನಿಮಾವನ್ನಲ್ಲ, ಅದರ ಒಂದು ತುಂಡನ್ನು. ಉಳಿದದ್ದನ್ನು ಆ ತುಂಡಿನ ಮರ್ಯಾದೆಗಾಗಿ ನೋಡುತ್ತೇವೆ ಅಷ್ಟೇ.

'ಪುಷ್ಪಕ ವಿಮಾನ'ದಲ್ಲಿ ನನಗೆ ಬೇಕಾದ್ದು ಆ ಮಂಜುಗಡ್ಡೆಯ ಚೂರಿ. 1987ರ ಚಿತ್ರ, ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನ. ಶುರುವಿನಿಂದ ಕೊನೆಯವರೆಗೆ ಒಂದು ಮಾತಿಲ್ಲ. ಟಿನು ಆನಂದ್ ಬಾಡಿಗೆ ಕೊಲೆಗಾರ. ಸಾಕ್ಷಿ ಸಿಗಬಾರದು ಅಂತ ಐಸಿನ ಚೂರಿ ಮಾಡಿಕೊಂಡು ಕಮಲಹಾಸನ್ ಹಿಂದೆ ಬೀಳುತ್ತಾನೆ. ಪ್ರತಿ ಸಲ ಏನಾದರೊಂದು ಅಡ್ಡ ಬರುತ್ತದೆ, ಚೂರಿ ಕರಗುತ್ತದೆ. ಅವನ ಮುಖ ನೋಡಬೇಕು ಆಗ! ಕೊಲೆಗಾರನ ಮೇಲೆ ಕನಿಕರ ಹುಟ್ಟಿಸುವ ಸಿನಿಮಾ ಎಷ್ಟಿವೆ ಹೇಳಿ. ವಿಜಯಪುರದ ಗೆಳೆಯನೊಬ್ಬನಿಗೆ ಇದರ ಮೇಲೆ ಒಂದೇ ತಕರಾರು. 'ಅಂವಾ ಮೇ ತಿಂಗಳದಾಗ ನಮ್ಮ ಊರಿಗೆ ಬರಬೇಕಿತ್ತು. ಚೂರಿ ಹಿರಿಯೂದರಾಗ ಹಿಡಿಕಿನೂ ನೀರಾಗಿ ಹೊಕ್ಕಿತ್ತು.'

ಈ ಸಿನಿಮಾಕ್ಕೆ ಬೆಳಗಾವಿಯಲ್ಲಿ ಇನ್ನೊಂದು ಹೆಚ್ಚುಗಾರಿಕೆ ಇದೆ. ಮಾತೇ ಇಲ್ಲ ನೋಡಿ, ಹಾಗಾಗಿ ಇದು ಯಾವ ಭಾಷೆಯದು ಅಂತ ಜಗಳವೂ ಇಲ್ಲ. ನಮ್ಮ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ.

'ತರ್ಕ' ನನ್ನ ಗುಟ್ಟಿನ ಉತ್ತರಗಳಲ್ಲಿ ಒಂದು. ಸುನಿಲ್ ಕುಮಾರ್ ದೇಸಾಯಿ 1989ರಲ್ಲಿ ಹಾಡೇ ಇಲ್ಲದ ಸಿನಿಮಾ ಮಾಡಿದರು, ಅದೂ ಶಂಕರ್‌ನಾಗ್ ಅವರನ್ನು ಇಟ್ಟುಕೊಂಡು. ಹಾಡು ಬಂದಾಗ ಬೀಡಿ ಸೇದಲು ಹೊರಗೆ ಹೋಗುವ ಪ್ರೇಕ್ಷಕರಿಗೆ ಎಂಥ ಸಂಕಟ ಆಗಿರಬೇಡ! ಮೊನ್ನೆ ತಂಗಿಯ ಮಗನನ್ನು ಕೂರಿಸಿಕೊಂಡು ಹಾಕಿದೆ. ಇದೊಂದು ಕೆಟ್ಟ ಚಟ. ನಮಗೆ ಇಷ್ಟವಾದ ಸಿನಿಮಾವನ್ನು ಬೇರೆಯವರಿಗೆ ತೋರಿಸುವಾಗ ನಾವು ಪರದೆ ನೋಡುವುದಿಲ್ಲ, ಅವರ ಮುಖ ನೋಡುತ್ತೇವೆ. ಹೆಣ್ಣು ತೋರಿಸಲು ಕರೆತಂದವರ ಹಾಗೆ ನಡುನಡುವೆ 'ಇನ್ನ ಮುಂದ ಚಲೋ ಐತಿ' ಅನ್ನುತ್ತೇವೆ. ಹುಡುಗ ಪಾಪ, ಮರ್ಯಾದೆಗೆ ಸುಮ್ನೆ ಕುಳಿತಿದ್ದ. ಒಂದು ಹಂತದಲ್ಲಿ ಮೊಬೈಲು ಕೆಳಗಿಟ್ಟ. ನಾನು ಗೆದ್ದೆ ಅಂದುಕೊಂಡೆ. ಅವನು ಚಾರ್ಜಿಗೆ ಇಟ್ಟಿದ್ದ.

'ನಾಗಮಂಡಲ' ಹಾಕಿದಾಗ ಹಾಗಾಗಲಿಲ್ಲ. ನಾಗಾಭರಣರ ಈ 1997ರ ಚಿತ್ರದಲ್ಲಿ ಜನ ನಮ್ಮ ಕಡೆಯ ಮಾತು ಆಡುತ್ತಾರೆ. ಅದಕ್ಕೂ ಮುಂಚೆ ಎಷ್ಟೋ ಸಿನಿಮಾದಲ್ಲಿ ನಮ್ಮ ಮಾತು ಬರುತ್ತಿದ್ದದ್ದು ನಗಿಸಲಿಕ್ಕೆ. ಪೇಟ ಸುತ್ತಿದವನೊಬ್ಬ ಬಂದು 'ಏನಲೇ ಮಗನ' ಅಂದು ಹೋದರೆ ಉತ್ತರ ಕರ್ನಾಟಕ ಮುಗಿಯಿತು. ಇಲ್ಲಿ ಪ್ರೀತಿ, ಸಿಟ್ಟು, ಅನುಮಾನ, ಹಾದರದ ಪಂಚಾಯ್ತಿ ಎಲ್ಲ ಅದೇ ಮಾತಿನಲ್ಲಿ. ಮೇಲೆ ಸಿ. ಅಶ್ವಥ್ ಅವರ ಸಂಗೀತ. ಹುಡುಗ ತಲೆ ಎತ್ತಿ, 'ಮಾಮಾ, ಇವರು ನಮ್ಮ ಆಯಿ ಮಾತಾಡಿದಂಗ ಮಾತಾಡ್ತಾರಲ್ಲ' ಅಂದ. ಪ್ರಕಾಶ್ ರೈ ಗಂಡನೂ ಅವರೇ, ಹಾವೂ ಅವರೇ ಅನ್ನುವುದು ಅವನಿಗೆ ಅಷ್ಟು ದೊಡ್ಡ ಸುದ್ದಿ ಅನಿಸಲಿಲ್ಲ.

ಆ ವಿಜಯಪುರದ ಗೆಳೆಯನಿಗೆ ಬರುತ್ತೇನೆ. ಅವನ ಮೂಲ ಬೀಳಗಿ. ಅವನ ಎರಡೂ ಉತ್ತರ ಒಂದೇ, 1943ರ ಹಿಂದಿ ಚಿತ್ರ 'ಕಿಸ್ಮತ್'. ಅಶೋಕ್ ಕುಮಾರ್ ಇದ್ದಾರೆ, ಬಾಂಬೆ ಟಾಕೀಸಿನ ಚಿತ್ರ, ಕಲ್ಕತ್ತಾದಲ್ಲಿ ಒಂದೇ ಥೇಟರಿನಲ್ಲಿ ಮೂರು ವರ್ಷ ಓಡಿತು ಅನ್ನುವುದೆಲ್ಲ ಅವನಿಗೆ ಲೆಕ್ಕಕ್ಕಿಲ್ಲ. ಅದರಲ್ಲಿ ಅಮೀರಬಾಯಿ ಕರ್ನಾಟಕಿ ಹಾಡಿದ್ದಾಳೆ, ಅವಳು ಬೀಳಗಿಯವಳು, ಮುಗಿಯಿತು. ಹಾಡು ಬರುವ ಕಡೆಗೆ ಓಡಿಸುತ್ತಾನೆ, ಕಣ್ಣು ಮುಚ್ಚಿ ಕೇಳುತ್ತಾನೆ, ಬಂದ್ ಮಾಡುತ್ತಾನೆ. ಕಥೆ ಏನು ಅಂತ ಒಮ್ಮೆ ಕೇಳಿದೆ. 'ಯಾರೋ ಕಳ್ಳ ಅದಾನ' ಅಂದ. ಸಿನಿಮಾವನ್ನು ಕಣ್ಣು ಮುಚ್ಚಿಯೇ ನೋಡುವ ಇಂಥ ಅಭಿಮಾನಿ ಯಾವ ನಿರ್ದೇಶಕನಿಗೂ ಬೇಡ. ಆದರೆ ಹಾಡಿದವಳಿಗೆ ಇದಕ್ಕಿಂತ ಜಾಸ್ತಿ ಏನು ಬೇಕು?

ಇವರೆಲ್ಲರಿಗಿಂತ ಹಟಮಾರಿ ಅಂದರೆ ನಮ್ಮ ಅವ್ವ. ಅವಳ ತವರು ಬೈಲಹೊಂಗಲ. ಅವಳ ಸಿನಿಮಾ 'ಕಿತ್ತೂರು ಚೆನ್ನಮ್ಮ', 1961ರದು, ಬಿ.ಆರ್. ಪಂತುಲು ಮಾಡಿದ್ದು. ಬಿ. ಸರೋಜಾದೇವಿ ರಾಣಿ. ಟೀವಿಯಲ್ಲಿ ಬಂತೆಂದರೆ ಅವ್ವ ಕುರ್ಚಿಯ ಮೇಲೆ ಕೂರುವುದಿಲ್ಲ, ಕೆಳಗೆ ಟೀವಿಗೆ ಸಮೀಪ ಕೂರುತ್ತಾಳೆ, ಸೆರಗು ಸರಿಮಾಡಿಕೊಂಡು. ರಾಣಿ ಕಿತ್ತೂರಿನ ಮಾತು ಬಿಟ್ಟು ಪುಸ್ತಕದ ಕನ್ನಡ ಮಾತಾಡುತ್ತಾಳಲ್ಲ ಅಂತ ನಾನು ಒಮ್ಮೆ ತಮಾಷೆ ಮಾಡಿದೆ. 'ರಾಣಿ ಅದಾಳ, ಹೆಂಗ ಬೇಕ ಹಂಗ ಮಾತಾಡ್ತಾಳ. ನೀ ಸುಮ್ನ ಕುಂಡ್ರು' ಅಂದಳು.

ಇಂಗ್ಲಿಷರ ಅಧಿಕಾರಿ ಥ್ಯಾಕರೆ ಬರುತ್ತಾನೆ. ಕಪ್ಪದ ಮಾತಾಗುತ್ತದೆ. ಯುದ್ಧ ಆಗುತ್ತದೆ. ಥ್ಯಾಕರೆ ಬೀಳುತ್ತಾನೆ. ಅವ್ವ ಎರಡೂ ಕೈ ನೆಲಕ್ಕೂರಿ ಎದ್ದು ಒಳಗೆ ಹೋಗುತ್ತಾಳೆ. ಇವತ್ತಿನವರೆಗೆ ಅಲ್ಲಿಂದ ಮುಂದೆ ಅವಳು ನೋಡಿಲ್ಲ. ಇತಿಹಾಸದಲ್ಲಿ ಅದು 1824ರ ಅಕ್ಟೋಬರ್. ಡಿಸೆಂಬರಿನಲ್ಲಿ ಇಂಗ್ಲಿಷರು ಮತ್ತೆ ಬಂದರು, ಕೋಟೆ ಬಿತ್ತು, ರಾಣಿ ಬೈಲಹೊಂಗಲದಲ್ಲಿ ಸೆರೆಯಾಗಿದ್ದು 1829ರಲ್ಲಿ ತೀರಿಕೊಂಡಳು. ಅವ್ವನ ಸಿನಿಮಾದಲ್ಲಿ ಡಿಸೆಂಬರ್ ಇಲ್ಲ.

'ಇನ್ನ ಅರ್ಧ ಉಳದೈತಲ್ಲ ಬೇ' ಅಂದೆ ಕಳೆದ ಸಲ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಶುರುವಾಗಿತ್ತು.

'ಅದರ ಮುಂದಿಂದು ನಮ್ಮ ಊರಾಗ ಐತಲ್ಲೋ, ರಾಣಿ ಸಮಾಧಿ. ಸಣ್ಣಾಕಿ ಇದ್ದಾಗಿಂದ ನೋಡೇನಿ. ಟೀವ್ಯಾಗ ಮತ್ಯಾಕ ನೋಡ್ಲಿ? ನೀ ಅದನ್ನ ಬಂದ್ ಮಾಡಿ ಊಟಕ್ಕ ಬಾ.'