ಕಾಲುಚೀಲ ಬಿಳಿಯಿರಲಿ, ಉಳಿದದ್ದು ನೋಡಿಕೊಳ್ಳೋಣ

ಗಾಲ್ಫ್ ಕ್ಲಬ್ಬಿನ ಸಮಿತಿಯಿಂದ ಇನ್ನೊಂದು ಸುತ್ತೋಲೆ ಬಂದಿದೆ. ಈ ಸಲ ಕಾಲುಚೀಲದ ಬಗ್ಗೆ. ಚಡ್ಡಿ ಹಾಕಿ ಆಡುವವರ ಕಾಲುಚೀಲ ಬಿಳಿಯೇ ಇರಬೇಕಂತೆ, ಕಾಲಿನ ಗಂಟು ಮುಚ್ಚಬೇಕಂತೆ. ಹೊಸ ಸದಸ್ಯರು ಇದನ್ನು ತಪ್ಪದೆ ಗಮನಿಸಬೇಕು ಅನ್ನುವ ಸಾಲಿಗೆ ಅಡಿಗೆರೆ ಬೇರೆ. ಹಳೆಯ ಸದಸ್ಯರ ಕಾಲುಗಳು ಹುಟ್ಟಿನಿಂದಲೇ ಸುಸಂಸ್ಕೃತ. ಅವಕ್ಕೆ ಸುತ್ತೋಲೆ ಬೇಕಿಲ್ಲ.

ನಾನು ಹೊಸ ಸದಸ್ಯ. ಸೇರುವ ಮೊದಲು ಸೂಚಕರೊಬ್ಬರು, ಅನುಮೋದಕರೊಬ್ಬರು ಸಹಿ ಹಾಕಿದರು. ಆಮೇಲೆ ಕಾಯುವ ಪಟ್ಟಿ. ಆಮೇಲೆ ಸಂದರ್ಶನ. ನಾಲ್ಕು ಜನ ದೊಡ್ಡವರು ಮೇಜಿನ ಆ ಕಡೆ ಕೂತು ಏನು ಕೆಲಸ, ಯಾರ ಪೈಕಿ, ಯಾರ್ಯಾರು ಗೊತ್ತು ಅಂತೆಲ್ಲ ವಿಚಾರಿಸಿದರು. ಹೆಣ್ಣು ಕೇಳಲು ಹೋದಾಗಲೂ ಇಷ್ಟು ಪ್ರಶ್ನೆ ಎದುರಿಸಿರಲಿಲ್ಲ. ಚೆಂಡು ಹೊಡೆಯಲು ಬರುತ್ತದೆಯೇ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಅದು ಅವರ ದೊಡ್ಡತನ. ಕೇಳಿದ್ದರೆ ಅವರಲ್ಲಿ ಇಬ್ಬರು ಎದ್ದು ಹೊರಗೆ ಹೋಗಬೇಕಾಗುತ್ತಿತ್ತು.

ಈ ಆಟದ ಮೊದಲ ಲಿಖಿತ ನಿಯಮಗಳು 1744ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಬಂದವು. ಇದ್ದದ್ದು ಬರೀ 13. ಹೊಡೆದ ಚೆಂಡು ಮನುಷ್ಯನಿಗೋ ಕುದುರೆಗೋ ನಾಯಿಗೋ ತಗುಲಿ ನಿಂತರೆ, ನಿಂತಲ್ಲಿಂದಲೇ ಆಡಬೇಕು ಅಂತ ಅದರಲ್ಲಿದೆ. ಅಂದರೆ ಆಗ ಮೈದಾನದಲ್ಲಿ ಮನುಷ್ಯ, ಕುದುರೆ, ನಾಯಿ ಎಲ್ಲರೂ ಓಡಾಡುತ್ತಿದ್ದರು. ಕಾಲುಚೀಲದ ಬಗ್ಗೆ ಒಂದಕ್ಷರ ಇಲ್ಲ. ಶರ್ಟಿಗೆ ಕಾಲರ್ ಇರಬೇಕು ಅಂತಲೂ ಇಲ್ಲ. ಪಾಪ, ಅವರಿಗೆ ಸಮಿತಿ ಎಂದರೇನು ಅಂತ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ಅದಕ್ಕೂ ಮುಂಚೆ, 1457ರಲ್ಲಿ, ಸ್ಕಾಟ್ಲೆಂಡಿನ ಸಂಸತ್ತು ಗಾಲ್ಫನ್ನೇ ನಿಷೇಧಿಸಿತ್ತು. ಜನ ಬಿಲ್ಲುವಿದ್ಯೆ ಬಿಟ್ಟು ಚೆಂಡಿನ ಹಿಂದೆ ಬೀಳುತ್ತಿದ್ದಾರೆ ಅನ್ನುವುದು ಕಾರಣ. ಎಂಥ ದೂರದೃಷ್ಟಿ ನೋಡಿ! ಯಾರೂ ಮಾತು ಕೇಳಲಿಲ್ಲ, ಅದರ ಫಲ ನಾವು ಉಣ್ಣುತ್ತಿದ್ದೇವೆ.

ಹೊಸಬನಿಗೆ ಮೊದಲು ಕಲಿಸುವುದು ನಿಲ್ಲುವುದನ್ನು. ಬೇರೆಯವರು ಹೊಡೆಯುವಾಗ ಅಲುಗಾಡಬಾರದು, ಕೆಮ್ಮಬಾರದು, ಚೀಲದ ಜಿಪ್ ಎಳೆಯಬಾರದು. ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲು, ಅದರ ಮೇಲೆ ಅವರ ಚೆಂಡಿಗೂ ಕುಳಿಗೂ ನಡುವಿನ ದಾರಿ ತುಳಿಯಬಾರದು. ನಿಮ್ಮ ನೆರಳು ಕೂಡ ಆ ದಾರಿಯ ಮೇಲೆ ಬೀಳಬಾರದು. ಹೌದು, ನೆರಳು. ಯಾರ ನೆರಳು ಯಾರ ಮೇಲೆ ಬೀಳಬಾರದು ಅನ್ನುವ ವಿಷಯದಲ್ಲಿ ನಮಗೆ ಹಿಂದಿನಿಂದಲೂ ಒಳ್ಳೆಯ ಅಭ್ಯಾಸ ಇದೆ, ಬೇಗ ರೂಢಿಯಾಗುತ್ತದೆ.

ಆಮೇಲೆ ಹ್ಯಾಂಡಿಕ್ಯಾಪ್, ಅಂದರೆ ಆಟಗಾರನಿಗೆ ಬಿಟ್ಟುಕೊಡುವ ಹೊಡೆತಗಳ ಲೆಕ್ಕ. ಕಡಿಮೆ ಇದ್ದಷ್ಟೂ ಆಟಗಾರ ದೊಡ್ಡವನು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕ್ಲಬ್ಬಿನಲ್ಲಿ ನಿಮ್ಮನ್ನು ಹೆಸರಿಗಿಂತ ಮೊದಲು ಕೇಳುವುದು ಇದನ್ನೇ. 2020ರಿಂದ ಜಗತ್ತಿಗೆಲ್ಲ ಒಂದೇ ಲೆಕ್ಕ ಬಂದಿದೆ. ಕೊನೆಯ 20 ಸುತ್ತುಗಳಲ್ಲಿ ಒಳ್ಳೆಯ 8 ತೆಗೆದುಕೊಂಡು ಸರಾಸರಿ ಹಾಕುತ್ತಾರೆ. ಹೆಚ್ಚೆಂದರೆ 54. ಆಟ ಬಾರದವನಿಗೂ ಬರುವವನಿಗೂ ಸಮನಾದ ಪಂದ್ಯ ಆಗಲಿ ಅಂತ ಮಾಡಿದ ಏರ್ಪಾಡು. ಇಷ್ಟು ಸಮಾನತೆ ಬೇರೆ ಯಾವ ಆಟದಲ್ಲಿದೆ ಹೇಳಿ? ಆದರೆ ಮನುಷ್ಯ ಮನುಷ್ಯನೇ. ಒಬ್ಬರು ತಮ್ಮ ಹ್ಯಾಂಡಿಕ್ಯಾಪ್ ಕಡಿಮೆ ಕಾಣಲಿ ಅಂತ ಕೆಟ್ಟ ಸುತ್ತುಗಳ ಲೆಕ್ಕ ಕೊಡುವುದೇ ಇಲ್ಲ. ಊಟದ ಮೇಜಿನಲ್ಲಿ ಅವರು ಚಾಂಪಿಯನ್, ಮೈದಾನದಲ್ಲಿ ಬಂಕರ್ ಅನ್ನುವ ಮರಳುಗುಂಡಿಯ ಖಾಯಂ ನಿವಾಸಿ. ಇನ್ನೊಬ್ಬರು ಉಲ್ಟಾ. ವರ್ಷವಿಡೀ ಬೇಕಂತಲೇ ಕೆಟ್ಟದಾಗಿ ಆಡಿ ಹ್ಯಾಂಡಿಕ್ಯಾಪ್ ಏರಿಸಿಕೊಳ್ಳುತ್ತಾರೆ. ಬಹುಮಾನದ ದಿನ ಬಂತು ಅನ್ನಿ, ಸೊಂಟನೋವು ಮಾಯ. ಕೈಯಲ್ಲಿ ಮಿಕ್ಸರ್ ಗ್ರೈಂಡರ್ ಹಿಡಿದು ನಗುತ್ತಾ ಫೋಟೋಗೆ ನಿಲ್ಲುತ್ತಾರೆ. ಇವರಿಗೆ ಮಿಕ್ಸರ್ ಇಲ್ಲದೆ ಮನೆಯಲ್ಲಿ ಚಟ್ನಿ ನಿಂತಿತ್ತೇ? ಇಲ್ಲ. ಆ ಮಿಕ್ಸರಿಗೋಸ್ಕರ ಒಂದು ವರ್ಷ ಕೆರೆಗೆ ಚೆಂಡು ಹೊಡೆದ ತಪಸ್ಸಿಗೆ ನಾನಂತೂ ಕೈ ಮುಗಿಯುತ್ತೇನೆ.

ಇಲ್ಲಿ ಅಂಪೈರ್ ಇರುವುದಿಲ್ಲ ಅನ್ನುವುದು ಎಲ್ಲರೂ ಎದೆ ತಟ್ಟಿ ಹೇಳುವ ಮಾತು. ಆಟಗಾರನ ಪ್ರಾಮಾಣಿಕತೆಯೇ ಅಂಪೈರ್ ಅಂತೆ. ನಿಯಮ ಪುಸ್ತಕದಲ್ಲೂ ಹಾಗೇ ಇದೆ. ಕಳೆದುಹೋದ ಚೆಂಡು ಹುಡುಕಲು ಮೂರು ನಿಮಿಷ. 2019ಕ್ಕೆ ಮುಂಚೆ ಐದಿತ್ತು. ಪೊದೆಯೊಳಗೆ ಹೋದ ಹಿರಿಯರ ಚೆಂಡು ಎರಡೂವರೆ ನಿಮಿಷಕ್ಕೆ ಸರಿಯಾಗಿ, ಪೊದೆಯ ಹೊರಗೆ, ಒಳ್ಳೆಯ ಹುಲ್ಲಿನ ಮೇಲೆ ಸಿಗುತ್ತದೆ. ಚೀಲದಲ್ಲಿ 14 ಕೋಲುಗಳಿಗಿಂತ ಜಾಸ್ತಿ ಇಡುವಂತಿಲ್ಲ. ಹದಿನೈದನೆಯದು ಅವರ ಶೂ.

ಕ್ಲಬ್ಬಿನ ಕಟ್ಟಡದೊಳಗೆ ಒಂದು ಕುರ್ಚಿ ಇದೆ. ಯಾರೂ ಕೂರುವುದಿಲ್ಲ. ಯಾಕೆ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ, ಆದರೆ ಕೂರಬಾರದು. ಈ ಕಟ್ಟಡಗಳ ಮಹಿಮೆ ಮೊದಲಿನಿಂದಲೂ ಹಾಗೇ. ಸಂಬಳಕ್ಕೆ, ಬಹುಮಾನಕ್ಕೆ ಆಡುವ ವೃತ್ತಿಪರರನ್ನು ಒಂದು ಕಾಲದಲ್ಲಿ ಅದರೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಮೈದಾನದಲ್ಲಿ ಅವರ ಆಟ ನೋಡಿ ಚಪ್ಪಾಳೆ ತಟ್ಟುತ್ತಿದ್ದರು, ಬಟ್ಟೆ ಬದಲಿಸಲು ಒಂದು ಮೂಲೆ ಕೊಡುತ್ತಿರಲಿಲ್ಲ. 1920ರಲ್ಲಿ ಬ್ರಿಟಿಷ್ ಓಪನ್ ಅನ್ನುವ ದೊಡ್ಡ ಪಂದ್ಯ ಇಂಗ್ಲೆಂಡಿನ ಡೀಲ್ ಅನ್ನುವ ಊರಲ್ಲಿ ನಡೆಯಿತು. ಅಮೆರಿಕದ ವೃತ್ತಿಪರ ವಾಲ್ಟರ್ ಹೇಗನ್ ಆಡಲು ಬಂದ. ಒಳಗೆ ಪ್ರವೇಶ ಇಲ್ಲ ಅಂದರು. ಅವನೇನು ಜಗಳ ಮಾಡಲಿಲ್ಲ. ಒಂದು ಭಾರೀ ಕಾರು ಬಾಡಿಗೆಗೆ ತಂದು ಕ್ಲಬ್ಬಿನ ಎದುರಿಗೇ ನಿಲ್ಲಿಸಿ ಅದರೊಳಗೆ ಬಟ್ಟೆ ಬದಲಿಸಿದ. ಮೂರು ವರ್ಷದ ನಂತರ ಅದೇ ಪಂದ್ಯ ಸ್ಕಾಟ್ಲೆಂಡಿನ ಟ್ರೂನ್‌ನಲ್ಲಿ ನಡೆದಾಗ ಅವನಿಗೆ ಎರಡನೆಯ ಸ್ಥಾನ ಬಂತು. ಬಹುಮಾನ ವಿತರಣೆಗೆ ಒಳಗೆ ಬನ್ನಿ ಅಂತ ಅಷ್ಟು ದಿನ ಹೊರಗಿಟ್ಟವರೇ ಕರೆದರು. ಇವನು ಬರಲ್ಲ ಅಂದು ಜನರನ್ನೆಲ್ಲ ಕರೆದುಕೊಂಡು ಹತ್ತಿರದ ಪಬ್ಬಿಗೆ ನಡೆದ. ನಮ್ಮ ಸಮಿತಿಯವರ ಮುಂದೆ ಈ ಕಥೆ ಹೇಳಿ ನೋಡಿದೆ. ಕಾರು ನಿಲ್ಲಿಸಲು ಅನುಮತಿ ಪಡೆದಿದ್ದನೇ ಅಂತ ಕೇಳಿದರು.

ಹೆಂಗಸರ ವಿಷಯ ನಿಮಗೆ ಗೊತ್ತೇ ಇದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ದೊಡ್ಡ ಕ್ಲಬ್ಬು 260 ವರ್ಷ ಚೆನ್ನಾಗಿ ಯೋಚಿಸಿ 2014ರಲ್ಲಿ ಹೆಂಗಸರನ್ನು ಸೇರಿಸಿಕೊಳ್ಳಲು ಒಪ್ಪಿತು. ಅಲ್ಲಿನದೇ ಇನ್ನೊಂದು ಕ್ಲಬ್ಬು ಮ್ಯೂರ್‌ಫೀಲ್ಡ್‌ನಲ್ಲಿ 2016ರಲ್ಲಿ ಮತಕ್ಕೆ ಹಾಕಿದಾಗ ಬೇಕಾದ ಮೂರನೇ ಎರಡರಷ್ಟು ಮತ ಬೀಳಲಿಲ್ಲ. ಬೇಡ ಅಂದವರ ಆತಂಕಗಳೇನು ಗೊತ್ತಾ? ಆಟ ನಿಧಾನವಾಗುತ್ತದೆ. ಮಧ್ಯಾಹ್ನದ ಊಟದ ಸಂಪ್ರದಾಯ ಕೆಡುತ್ತದೆ. ಹೆಂಗಸರು ಬಂದರೆ ಊಟ ಕೆಡುತ್ತದೆ ಅಂತ ಜಗತ್ತಿನಲ್ಲಿ ಮೊದಲು ಕಂಡುಹಿಡಿದವರು ಇವರೇ ಇರಬೇಕು. ಓಪನ್ ಪಂದ್ಯ ಇನ್ನು ನಿಮ್ಮಲ್ಲಿ ನಡೆಯಲ್ಲ ಅಂತ ಅದನ್ನು ನಡೆಸುವವರು ಹೇಳಿದ ಮೇಲೆ, 2017ರಲ್ಲಿ, ಸಂಪ್ರದಾಯ ಸ್ವಲ್ಪ ಸಡಿಲವಾಯಿತು.

ಅಮೆರಿಕದ ಆಗಸ್ಟಾದಲ್ಲಿ 1982ರವರೆಗೆ ಮಾಸ್ಟರ್ಸ್ ಅನ್ನುವ ದೊಡ್ಡ ಪಂದ್ಯ ಆಡಲು ಬಂದವರು ಚೀಲ ಹೊರಲು ಕ್ಲಬ್ಬಿನ ಕ್ಯಾಡಿಗಳನ್ನೇ ಕರೆದುಕೊಳ್ಳಬೇಕಿತ್ತು. ಆ ಕ್ಯಾಡಿಗಳೆಲ್ಲ ಕಪ್ಪು ಜನ. ಕಪ್ಪು ವರ್ಣದ ಮೊದಲ ಸದಸ್ಯ ಬಂದದ್ದು 1990ರಲ್ಲಿ. 2017ರಲ್ಲಿ ದೆಹಲಿ ಗಾಲ್ಫ್ ಕ್ಲಬ್ಬಿಗೆ ಅತಿಥಿಯಾಗಿ ಬಂದ ಖಾಸಿ ಮಹಿಳೆಯೊಬ್ಬರನ್ನು ಊಟದ ಹಾಲ್‌ನಿಂದ ಎಬ್ಬಿಸಿ ಕಳಿಸಿದರು. ಅವರು ಉಟ್ಟಿದ್ದು ಖಾಸಿ ಹೆಂಗಸರ ಸಾಂಪ್ರದಾಯಿಕ ಉಡುಪು ಜೈನ್ಸೆಮ್. ಅದು ಮನೆಗೆಲಸದವರ ಬಟ್ಟೆಯ ಹಾಗೆ ಕಂಡಿತಂತೆ. ಆಮೇಲೆ ವಿಷಾದ ವ್ಯಕ್ತಪಡಿಸಿದರು, ಸರಿ. ಮನೆಗೆಲಸದವರೇ ಆಗಿದ್ದರೆ ಏನೀಗ? ಅವರು ಕೂತು ಉಂಡರೆ ತಟ್ಟೆ ಒಡೆದುಹೋಗುತ್ತದೆಯೇ? ಇದನ್ನು ತಮಾಷೆಯಾಗಿ ಬರೆಯೋಣ ಅಂತ ಎಷ್ಟು ಪ್ರಯತ್ನಪಟ್ಟರೂ ಆಗುತ್ತಿಲ್ಲ. ಸಾಕಾಗಿದೆ. ನಮ್ಮಲ್ಲಿ ಏಳೆಂಟು ಕಿಲೋಮೀಟರ್ ಚೀಲ ಹೊತ್ತು, ಗಾಳಿ ಎತ್ತ, ಇಳಿಜಾರು ಎತ್ತ ಅಂತ ಹೇಳಿಕೊಡುವ ಕ್ಯಾಡಿ ನೀರು ಕುಡಿಯಲು ಹಿಂದಿನ ಬಾಗಿಲಿಗೆ ಹೋಗುತ್ತಾನೆ. ಬಿಸಿಲಲ್ಲಿ ಹುಲ್ಲು ಕತ್ತರಿಸುವವರಿಗೆ ಕೂರಲು ಒಂದು ನೆರಳಿಲ್ಲ. ಅದರ ಬಗ್ಗೆ ಸುತ್ತೋಲೆ ಯಾವಾಗ ಬರುತ್ತದೆ? ವಾರ್ಷಿಕ ಸಭೆಯಲ್ಲಿ ಕೇಳಿದೆ. ವಿಷಯ ಕಾರ್ಯಸೂಚಿಯಲ್ಲಿಲ್ಲ ಅಂದರು. ಕಾಲುಚೀಲ ಇತ್ತು. ಮುಕ್ಕಾಲು ಗಂಟೆ ಚರ್ಚೆಯಾಯಿತು. ಬಿಳಿಯಲ್ಲಿ ಕೆನೆಬಣ್ಣ ಸೇರುತ್ತದೆಯೇ ಅನ್ನುವುದಕ್ಕೆ ಉಪಸಮಿತಿ ಆಗಿದೆ.

ಹೊಸಬರಿಗೆ ಇನ್ನೊಂದು ಪದ್ಧತಿ ಹೇಳುವುದು ಮರೆತೆ. ಒಂದೇ ಹೊಡೆತಕ್ಕೆ ಚೆಂಡು ಕುಳಿಗೆ ಬಿದ್ದರೆ, ಹೋಲ್ ಇನ್ ಒನ್, ಅವತ್ತು ಕ್ಲಬ್ಬಿನಲ್ಲಿದ್ದವರಿಗೆಲ್ಲ ಹೊಡೆದವನೇ ಕುಡಿಸಬೇಕು. ಸಾಧನೆಗೆ ದಂಡ ಹಾಕುವ ಆಟ ಇದೊಂದೇ. ಜಪಾನಿನಲ್ಲಿ ಇದಕ್ಕೆ ಹೆದರಿ ವಿಮೆ ಮಾಡಿಸುವವರು ಬಹಳ. ನಾನೂ ಮಾಡಿಸಬೇಕೇ ಅಂತ ನನ್ನ ಕ್ಯಾಡಿಯನ್ನು ಕೇಳಿದೆ. ನನ್ನ ಆಟವನ್ನು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ.

"ಬೇಡಿ ಸಾರ್," ಅಂದ, "ಸುಮ್ನೆ ಕಂತು ದಂಡ."