ಸತ್ಯಾಂಶ: ಹಾಸ್ಟೆಲ್‌ ಪಟ್ಟಿ ಎಲ್ಲರಿಗೂ ತೋರಿಸಬೇಕೆ?

ಹಾಸ್ಟೆಲ್‌ನಲ್ಲಿ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿ ಇದ್ದರೆ, ಹೆಸರು ಸಮೇತ ಉಳಿದ ಪೋಷಕರಿಗೆ ತಿಳಿಸುವುದು ಕಾನೂನು ಅನ್ನೋ ಮೆಸೇಜು ಆಗಾಗ ಬರುತ್ತಿರುತ್ತದೆ. ಅಂಥ ಕಾನೂನು ಇಲ್ಲ.

ಇರುವುದು ಇದಕ್ಕೆ ತದ್ವಿರುದ್ಧ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರಲ್ಲೇ ಹೇಳಿದೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆ ಶಿಕ್ಷಣ ಸಂಸ್ಥೆಗಳಲ್ಲಿ ತಾರತಮ್ಯ ಮಾಡಬಾರದು ಎನ್ನುತ್ತದೆ. ಆರ್‌ಟಿಐ ಅರ್ಜಿ ಹಾಕಿ ಹೆಸರು ತರಿಸ್ತೀವಿ ಅನ್ನುವವರೂ ಇದ್ದಾರೆ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ) ಇರುವುದೇ ವೈಯಕ್ತಿಕ ಮಾಹಿತಿ ಕಾಪಾಡಲು.

ಸಕಲೇಶಪುರ, ಅರಸೀಕೆರೆ ಕಡೆಯಿಂದ ಹಾಸನಕ್ಕೆ ಮಕ್ಕಳನ್ನು ಓದಲು ಕಳಿಸಿದವರಿಗೆ ಆತಂಕ ಇರೋದು ಸಹಜ. ಆ ಆತಂಕದಲ್ಲೇ ಮೆಸೇಜು ಮುಂದಕ್ಕೆ ಹೋಗುತ್ತದೆ, ಅಲ್ವಾ? ಆದರೆ ಊರಿನ ಗ್ರೂಪಿಗೆ ಒಂದು ಹೆಸರು ಬಿದ್ದರೆ ಸಂಜೆಯೊಳಗೆ ಆ ಮನೆಯ ಬಾಗಿಲಿಗೇ ತಲುಪಿರುತ್ತದೆ. ಮನೆಯಲ್ಲಿ ಇನ್ನೂ ಹೇಳದ ಮಗುವಿನ ಓದೇ ನಿಂತುಹೋಗಬಹುದು.

ಪರೀಕ್ಷಿಸೋದು ಕಷ್ಟವಲ್ಲ. ಮೆಸೇಜಿನಲ್ಲಿ ಆದೇಶದ ಸಂಖ್ಯೆ, ದಿನಾಂಕ, ಇಲಾಖೆ ಇದೆಯಾ ನೋಡಿ. ಕಾಯ್ದೆಯ ಹೆಸರಿದ್ದರೆ ಸರ್ಕಾರದ 'ಇಂಡಿಯಾ ಕೋಡ್' ತಾಣದಲ್ಲಿ ಪೂರ್ತಿ ಪಠ್ಯ ಸಿಗುತ್ತದೆ. ಹಾಸ್ಟೆಲ್ ನಿಯಮವನ್ನು ವಾರ್ಡನ್ ಹತ್ತಿರವೇ ಬರಹದಲ್ಲಿ ಕೇಳಿ. ನಿಯಮ ಕೇಳಬಹುದು, ಯಾರ ಹೆಸರನ್ನೂ ಕೇಳುವ ಅಗತ್ಯವಿಲ್ಲ.