ತಲೆಗೇರಿದ ಕಾಲ್ಮರಿ

ಅಪ್ಪ ಬರುತ್ತಿದ್ದಾರೆ ಅನ್ನುವುದು ಮೂರು ಮನೆ ಆಚೆಯಿಂದಲೇ ಗೊತ್ತಾಗುತ್ತಿತ್ತು. ಕಿರ್ರ್, ಕಿರ್ರ್. ಅಥಣಿ ಚಪ್ಪಲಿಯ ಸದ್ದು. ಕಥೆ ಪುಸ್ತಕ ಬಚ್ಚಿಟ್ಟು ಲೆಕ್ಕದ ಪುಸ್ತಕ ತೆಗೆಯಲು ನಮಗೆ ಅಷ್ಟು ಹೊತ್ತು ಸಾಕಿತ್ತು. ಸದ್ದು ಮಾಡದ ಜೋಡು ಸಿಕ್ಕರೆ ಅಪ್ಪನಿಗೆ ಮೋಸ ಹೋದಷ್ಟು ಬೇಜಾರು.

ನಮ್ಮ ಕಡೆ ಚಪ್ಪಲಿಗೆ ಕಾಲ್ಮರಿ ಅನ್ನುತ್ತಾರೆ. ಎಷ್ಟು ಮುದ್ದಾದ ಹೆಸರು, ಅಲ್ವಾ? ಆದರೆ ಹೊಸದರಲ್ಲಿ ಈ ಮರಿ ಕಚ್ಚುತ್ತದೆ. ರಾತ್ರಿ ಹರಳೆಣ್ಣೆ ಸವರಿಡಬೇಕು, ಹಗಲು ಕುಂಟಬೇಕು. ಒಂದು ವಾರ ಹೀಗೆ ಕಳೆದರೆ ಅದಕ್ಕೆ ನಿಮ್ಮ ಕಾಲಿನ ಗುರುತು ಸಿಗುತ್ತದೆ. ಆಮೇಲೆ ವರ್ಷಗಟ್ಟಲೆ ಬಿಡುವುದಿಲ್ಲ.

2025ರ ಜೂನ್‌ನಲ್ಲಿ ಈ ಮರಿ ಮಿಲಾನ್‌ಗೆ ಹೋಯಿತು. ಇಟಲಿಯ ದುಬಾರಿ ಫ್ಯಾಷನ್ ಕಂಪನಿ ಪ್ರಾಡಾದವರ ಗಂಡಸರ ಉಡುಪಿನ ಪ್ರದರ್ಶನ. ಎತ್ತರದ ಹುಡುಗರು ನಗುವನ್ನೆಲ್ಲ ಮನೆಯಲ್ಲೇ ಬಿಟ್ಟು ಬಂದವರಂತೆ ನಡೆದು ಬಂದರು. ಕೆಲವರ ಕಾಲಲ್ಲಿ ನೋಡಿದರೆ ನಮ್ಮಪ್ಪನ ಜೋಡು! ಪ್ರಾಡಾ ಅದನ್ನು ‘ಚರ್ಮದ ಸ್ಯಾಂಡಲ್’ ಅಂದಿತು, ಅಷ್ಟೇ. ಊರಿಲ್ಲ, ಹೆಸರಿಲ್ಲ. ನಮ್ಮಲ್ಲಿ ದೊಡ್ಡ ಗಲಾಟೆಯಾಯಿತು. ಇದು ಭಾರತದ ಕುಶಲಕರ್ಮಿಗಳಿಂದ ಬಂದದ್ದು ಎಂದು ಕಂಪನಿ ಆಮೇಲೆ ಒಪ್ಪಿಕೊಂಡಿತು. ಡಿಸೆಂಬರ್ ಹೊತ್ತಿಗೆ, ಮಹಾರಾಷ್ಟ್ರ ಮತ್ತು ಕರ್ನಾಟಕದಲ್ಲೇ 2,000 ಜೋಡಿ ಮಾಡಿಸಿ ಮಾರುತ್ತೇವೆ ಅಂದಿತು. ಬೆಲೆ ಜೋಡಿಗೆ ಸುಮಾರು 800 ಯೂರೋ. ನಮ್ಮ ಲೆಕ್ಕದಲ್ಲಿ 80 ಸಾವಿರ ರೂಪಾಯಿ ದಾಟುತ್ತದೆ.

ನನಗೆ ಬೆಲೆಗಿಂತ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಆ ಪ್ರದರ್ಶನ ನಡೆದ ಜಾಗ. ಅದು ಪ್ರಾಡಾದವರದೇ ಕಲಾಕೇಂದ್ರ. ಒಂದು ಕಾಲದಲ್ಲಿ ಅಲ್ಲಿ ಜಿನ್ ಭಟ್ಟಿ ಇಳಿಸುತ್ತಿದ್ದರು. ವಾಸ್ತುಶಿಲ್ಪಿ ರೆಮ್ ಕೂಲ್‌ಹಾಸ್ ಅವರ ಸಂಸ್ಥೆ ಅದಕ್ಕೆ ಹೊಸ ರೂಪ ಕೊಟ್ಟಿತು, 2015ರಲ್ಲಿ ಕೇಂದ್ರ ಬಾಗಿಲು ತೆರೆಯಿತು. ಅಲ್ಲಿನ ಒಂದು ಹಳೇ ಕಟ್ಟಡಕ್ಕೆ ಹೊರಗೋಡೆ ತುಂಬ ಬಂಗಾರದ ರೇಕು ಹಚ್ಚಿದ್ದಾರೆ. ಈ ಕೇಂದ್ರ ತೆರೆಯುವ ಹಿಂದಿನ ವರ್ಷ ಪ್ಯಾರಿಸ್‌ನಲ್ಲಿ ದುಬಾರಿ ಚೀಲಗಳ ಕಂಪನಿ ಲೂಯಿ ವಿಟಾನ್ ಹೆಸರಿನ ಕಲಾಕೇಂದ್ರ ಶುರುವಾಗಿತ್ತು. ಗಾಜಿನ ಹಾಯಿಗಳನ್ನು ಬಿಚ್ಚಿ ನಿಂತ ಹಡಗಿನಂಥ ಕಟ್ಟಡ ಅದು, ಫ್ರಾಂಕ್ ಗೆರಿ ವಿನ್ಯಾಸ. ಚೀಲ ಮಾರುವವರಿಗೆ, ಜೋಡು ಮಾರುವವರಿಗೆ ಚಿತ್ರಶಾಲೆ ಯಾಕೆ ಬೇಕು?

ಉತ್ತರ ನಮ್ಮ ಅಡುಗೆಮನೆ ಗೋಡೆಯಲ್ಲೇ ಇದೆ. ಕಿರಾಣಿ ಅಂಗಡಿಯ ಕ್ಯಾಲೆಂಡರು. ಮೇಲೆ ಲಕ್ಷ್ಮಿ, ಕೆಳಗೆ ಅಂಗಡಿಯ ಹೆಸರು, ಫೋನ್ ನಂಬರು. ಬೆಳಗ್ಗೆ ಎದ್ದು ಲಕ್ಷ್ಮಿಗೆ ಕೈ ಮುಗಿದರೆ ಅರ್ಧ ನಮಸ್ಕಾರ ಅಂಗಡಿಗೂ ಸೇರುತ್ತದೆ. ಮಿಲಾನ್‌ನವರದೂ ಇದೇ ಉಪಾಯ. ಚಿತ್ರ ನೋಡಿ ಹದಗೊಂಡ ಕಣ್ಣಲ್ಲೇ ಜೋಡನ್ನೂ ನೋಡಿದರೆ, ಬೆಲೆ ಕೇಳುವುದಕ್ಕೇ ಸಂಕೋಚವಾಗುತ್ತದೆ. ಅವರ ಕ್ಯಾಲೆಂಡರು ಸ್ವಲ್ಪ ದೊಡ್ಡದು, ಅಷ್ಟೇ.

ಎಲ್ಲವೂ ಲೆಕ್ಕಾಚಾರ ಅಂದರೆ ಅದೂ ತಪ್ಪಾಗುತ್ತದೆ. 1937ರಲ್ಲಿ ಪ್ಯಾರಿಸ್‌ನ ಉಡುಪು ವಿನ್ಯಾಸಕಿ ಎಲ್ಸಾ ಸ್ಕಿಯಾಪರೆಲ್ಲಿ, ಚಿತ್ರಕಾರ ಸಾಲ್ವಡಾರ್ ಡಾಲಿ ಜೊತೆ ಸೇರಿ ಒಂದು ಟೋಪಿ ಮಾಡಿದಳು. ಹಿಮ್ಮಡಿ ಎತ್ತರದ ಹೆಂಗಸರ ಬೂಟನ್ನು ತಲೆಕೆಳಗು ಮಾಡಿ ತಲೆಯ ಮೇಲೆ ಕೂರಿಸಿದ ಹಾಗಿತ್ತು. ಅದಕ್ಕೂ ಮುಂಚೆ ಡಾಲಿ ಹೆಂಡತಿಯ ಜೋಡನ್ನು ತಲೆ ಮೇಲಿಟ್ಟುಕೊಂಡು ಫೋಟೋ ತೆಗೆಸಿಕೊಂಡಿದ್ದ. ನಮ್ಮ ಮನೆಯಲ್ಲಿ ನಾನು ಹಾಗೆ ಮಾಡಿದ್ದರೆ ಅಜ್ಜಿ ತಲೆಗೆ ನೀರು ಹೊಯ್ದು ಒಳಗೆ ಕರೆಯುತ್ತಿದ್ದಳು. ಆ ಟೋಪಿ ಈಗ ಮ್ಯೂಸಿಯಂನಲ್ಲಿದೆ. ನನಗೆ ಆ ಟೋಪಿ ಇಷ್ಟ. ಅದರಲ್ಲಿ ಹುಡುಗಾಟ ಇದೆ.

ಜೋಡನ್ನು ತಲೆ ಮೇಲಿಟ್ಟುಕೊಂಡವರು ನಮ್ಮಲ್ಲೂ ಇದ್ದಾರೆ. ಚಪ್ಪಲಿ ಹೊಲಿಯುತ್ತಿದ್ದ ಶರಣ ಹರಳಯ್ಯನ ಕಥೆ ಕೇಳಿಯೇ ಇರುತ್ತೀರಿ. ಆತ ದಾರಿಯಲ್ಲಿ ‘ಶರಣು’ ಅಂದ, ಬಸವಣ್ಣ ‘ಶರಣು ಶರಣಾರ್ಥಿ’ ಅಂದರು. ಒಂದಕ್ಕೆ ಎರಡು! ಈ ಸಾಲ ತೀರಿಸುವುದು ಹೇಗೆ? ಹರಳಯ್ಯನೂ ಹೆಂಡತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮ ತೆಗೆದು ಜೋಡು ಹೊಲಿದು ತಂದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡರು. ಅಂಥ ಜೋಡಿಗೆ ಯಾವ ಅಂಗಡಿಯಲ್ಲಿ ಬೆಲೆ ಚೀಟಿ ಅಂಟಿಸುತ್ತೀರಿ? ಮುಂದೆ ಅದೇ ಹರಳಯ್ಯನ ಮಗನಿಗೂ ಬ್ರಾಹ್ಮಣರ ಮನೆಯಿಂದ ಬಂದ ಶರಣ ಮಧುವರಸನ ಮಗಳಿಗೂ ಮದುವೆ ಅಂದಾಗ ಕಲ್ಯಾಣದಲ್ಲಿ ರಕ್ತ ಹರಿಯಿತು. ಚಪ್ಪಲಿ ತಲೆಗೇರಬಹುದು, ಮಾಡಿದವನು ಬೀಗನಾಗಬಾರದು.

ಹಾಗಾಗಿ ಪ್ರಾಡಾವನ್ನು ಬಯ್ಯುವಾಗ ನನ್ನ ದನಿ ಸ್ವಲ್ಪ ತಗ್ಗುತ್ತದೆ. ಇನ್ನೊಂದು ಸಣ್ಣ ಕಾರಣವೂ ಇದೆ. ಆ ಗಲಾಟೆಯ ದಿನಗಳಲ್ಲಿ ನಾವೆಲ್ಲ ‘ನಮ್ಮ ಕೊಲ್ಹಾಪುರಿ’ ಎಂದು ಕೂಗಿದೆವು. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಾಗ ಎಂಟು ಜಿಲ್ಲೆಗಳ ಹೆಸರಿತ್ತು. ಕೊಲ್ಹಾಪುರದ ಕಡೆಯ ನಾಲ್ಕು, ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ನಾಲ್ಕು. ಅಥಣಿಯಲ್ಲಿ ಹೊಲಿದದ್ದೂ ಕೊಲ್ಹಾಪುರಿಯೇ. ಹೆಸರು ಕಳೆಯುವ ಕೆಲಸವನ್ನು ಮಿಲಾನ್‌ನವರಿಗಿಂತ ಮುಂಚೆ ನಾವೇ ಆರಾಮಾಗಿ ಮಾಡಿ ಮುಗಿಸಿದ್ದೆವು.

ಹೋದ ಸಲ ಊರ ಕಡೆ ಹೋದಾಗ ಚಪ್ಪಲಿ ತರಲು ಹೋದೆ. ಅಂಗಡಿಯ ಬೋರ್ಡಿನಲ್ಲಿ ಕೊಲ್ಹಾಪುರ ಅಂತಲೇ ಇತ್ತು.

“ಕೊಲ್ಹಾಪುರದ್ದೇನ್ರಿ?”

“ಅಲ್ರಿ, ಅಥಣಿದು. ಬೋರ್ಡ್ ಅಷ್ಟೇ ಕೊಲ್ಹಾಪುರದ್ದು,” ಅಂದರು ಅಜ್ಜ.

ಎಮ್ಮೆಯ ಚರ್ಮ, ತೊಗಟೆಯಲ್ಲಿ ಹದ ಮಾಡಿದ್ದು. ಒಂದೂ ಮೊಳೆ ಇಲ್ಲ, ಎಲ್ಲಾ ಹೊಲಿಗೆ. ಸಣ್ಣ ಜಡೆ ಹೆಣೆದು ಪಟ್ಟಿಯ ಮೇಲೆ ಕೂರಿಸಿದ್ದರು. ಅದು ಹೆಣ್ಣುಮಕ್ಕಳ ಕೈಕೆಲಸ, ಮನೆಯಲ್ಲೇ ಕೂತು ಮಾಡುತ್ತಾರೆ ಅಂದರು. 900 ರೂಪಾಯಿ ಹೇಳಿದರು.

“ಅಜ್ಜಾ, ಇಟಲಿಯವರು 80 ಸಾವಿರಕ್ಕ ಮಾರ್ತಾರಂತ?”

“ಹೂಂ, ಕೇಳೀನ್ರಿ. ಅಲ್ಲಿ ತಗೊಳ್ಳೋವ್ರು ಚೌಕಾಸಿ ಮಾಡಂಗಿಲ್ಲಂತ,” ಅಂದು ನಕ್ಕರು.

ನಾನೂ ನಕ್ಕೆ. ನಕ್ಕ ಬಾಯಲ್ಲೇ, “ಐವತ್ತು ಕಡಿಮಿ ಮಾಡ್ರಿ,” ಅಂದುಬಿಟ್ಟೆ. ಹಾಳು ಅಭ್ಯಾಸ!

ಅಜ್ಜ ಮಾತಾಡಲಿಲ್ಲ. ಒಂದು ಜೋಡು ತೆಗೆದುಕೊಂಡು ಎರಡೂ ಕೈಯಲ್ಲಿ ಮೆಲ್ಲಗೆ ಬಗ್ಗಿಸಿ ನನ್ನ ಕಿವಿ ಹತ್ತಿರ ಹಿಡಿದರು. ಕಿರ್ರ್.

“ಇದಕ್ಕ ಐವತ್ತು,” ಅಂದರು.